ದೊಡ್ಡ ಟೈರ್ ಹಾಕಿದ ಮೇಲೆ ಸತ್ತ ಪುಲ್ಲಿಂಗ್: ಕ್ರೌನ್-ಪಿನಿಯನ್ ಬದಲಿಸಿದ ಲೆಕ್ಕ

ಕೋಲಾರದಿಂದ ಟೊಮೆಟೊ ಹೇರಿಕೊಂಡು ಚಿತ್ತೂರಿಗೆ ಇಳಿಯುವಾಗ ಏನೂ ಗೊತ್ತಾಗದು. ವಾಪಸ್ ಲೋಡಿನಲ್ಲಿ ಮೊಗಿಲಿ ಘಾಟಿ ಹತ್ತುವಾಗ ಮೂರನೇ ಗೇರು ನಿಲ್ಲುತ್ತಿರಲಿಲ್ಲ, ನಿಂತು ಎತ್ತಿದರೆ ಕ್ಲಚ್ ಸುಟ್ಟ ವಾಸನೆ. ಡೀಸೆಲ್ ಫಿಲ್ಟರ್, ಟರ್ಬೊ ಹೋಸ್ ಸರಿಯಿದ್ದವು. ತಪ್ಪು ಟೈರಿನದು: 215/75 ಆರ್15 ತೆಗೆದು 235/75 ಹಾಕಿದ್ದೆ. ವ್ಯಾಸ 704 ಮಿ.ಮೀ.ನಿಂದ 734ಕ್ಕೆ ಏರಿತು, 4.10 ರೇಶಿಯೊದ ಆಕ್ಸಲ್ (ಚಕ್ರದ ಒಂದು ಸುತ್ತಿಗೆ ಶಾಫ್ಟ್ 4.10 ಸುತ್ತು) 3.93ರ ಹಾಗೆ ಎಳೆಯುತ್ತಿತ್ತು.

ಹಳೇ ಗಾಡಿಯಲ್ಲಿ ಆಕ್ಸಲ್ ಒಳಗೆ ಯಾವ ಕ್ರೌನ್-ಪಿನಿಯನ್ ಸೆಟ್ (ಶಾಫ್ಟ್ ತುದಿಯ ಚಿಕ್ಕ ಹಲ್ಲುಚಕ್ರ ಪಿನಿಯನ್, ಅದು ತಿರುಗಿಸುವ ದೊಡ್ಡದು ಕ್ರೌನ್) ಇದೆಯೋ ಯಾರು ಕಂಡರು, ಎಣಿಸುವುದೇ ಮೇಲು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದಿನ ಒಂದೇ ಚಕ್ರ ಎತ್ತಿ ಸ್ಟ್ಯಾಂಡ್ ಇಡಿ. ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಚಕ್ರ 20 ಸುತ್ತು ತಿರುಗಿದಾಗ ಶಾಫ್ಟ್ 41 ಸುತ್ತಿದರೆ 4.10. (ಇನ್ನೊಂದು ಚಕ್ರ ನೆಲದಲ್ಲಿರುವುದರಿಂದ 20 ಸುತ್ತು ಕ್ರೌನ್‌ಗೆ 10 ಮಾತ್ರ.)

ಹಳೇ ಪುಲ್ಲಿಂಗ್ ವಾಪಸ್ ಬರಲು ಬೇಕಾದ ರೇಶಿಯೊ: 4.10 × 734 ÷ 704 = 4.27. ಹತ್ತಿರದ ಸೆಟ್ 43/10 (ಕ್ರೌನ್ 43 ಹಲ್ಲು, ಪಿನಿಯನ್ 10), ಅಂದರೆ 4.30, ಅದನ್ನೇ ಹಾಕಿಸಿದೆ. ಕ್ರೌನ್, ಪಿನಿಯನ್ ಎರಡೂ ಒಂದೇ ನಂಬರಿನ ಜೋಡಿ ಇರಲಿ, ಒಂದನ್ನೇ ಬದಲಿಸಿದರೆ ಊಳಿಡುತ್ತದೆ. ಹಲ್ಲಿಗೆ ನೀಲಿ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ನಡುವೆ ಬೀಳಬೇಕು. ತುದಿಗೋ ಬುಡಕ್ಕೋ ಬಿದ್ದರೆ ಪಿನಿಯನ್ ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ) ಬದಲಿಸಿ. ಪಿನಿಯನ್ ಸೀಲ್ ಹೊಸದೇ ಹಾಕಿ. ಗೇರ್ ಎಣ್ಣೆ ಜಿಎಲ್-5 ದರ್ಜೆಯದು. ಮೊದಲ 500 ಕಿ.ಮೀ. ಫುಲ್ ಲೋಡ್ ಬೇಡ.

ಟಾಪ್ ಗೇರು 1:1 ಇದ್ದರೆ 80 ಕಿ.ಮೀ. ವೇಗದಲ್ಲಿ ಇಂಜಿನ್, ಇದೇ ಟೈರಿನಲ್ಲಿ 4.10 ಇದ್ದಾಗಿಗಿಂತ, ನಿಮಿಷಕ್ಕೆ ಸುಮಾರು 120 ಸುತ್ತು ಹೆಚ್ಚು ತಿರುಗುತ್ತದೆ, ಅಷ್ಟೇ. ಫೋರ್‌ವೀಲ್ ಗಾಡಿಯಾದರೆ ಮುಂದಿನ ಆಕ್ಸಲ್‌ಗೂ ಅದೇ ರೇಶಿಯೊ ಹಾಕಿಸಲೇಬೇಕು, ಇಲ್ಲವಾದರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್ಲಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಬಿಗಿದುಕೊಳ್ಳುತ್ತದೆ.