ಕಾರಿನೊಳಗಿನ ‘ಗುಂಯ್’ ನಿಲ್ಲಿಸುವುದು ಹೇಗೆ?

ಕಾರವಾರದಿಂದ ಶಿರಸಿಗೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಆಯಿ. ಎರಡು ದಿನದ ಹಿಂದಷ್ಟೇ ಹೊಸ ಸೈಲೆನ್ಸರ್ ಹಾಕಿಸಿದ್ದೆ, ಅದರ ಸದ್ದು ಕೇಳಿಸಿಕೊಳ್ಳುವ ಖುಷಿಯಲ್ಲಿದ್ದೆ. ಅಂಕೋಲಾ ದಾಟಿ ಹೆದ್ದಾರಿ ನೇರವಾಯಿತು. ಐದನೇ ಗೇರು, ಎಂಬತ್ತರ ವೇಗ. ಆಗ ಶುರುವಾಯಿತು ನೋಡಿ, ಗುಂಯ್ ಎಂಬ ಒಂದೇ ಸಮನೆಯ ಮೊರೆತ. ಕಿವಿಗಿಂತ ಎದೆಗೆ ಜಾಸ್ತಿ ತಾಗುವಂಥದ್ದು. “ಒಳಗೆ ಯಾರೋ ಬೀಸುಕಲ್ಲು ತಿರುಗಿಸ್ತಿದ್ದಂಗೆ ಕೇಳ್ತದಲ್ಲೋ ತಮಾ” ಎಂದು ಆಯಿ ತಲೆ ಹಿಡಿದುಕೊಂಡು ಕೂತರು.

ವಿಚಿತ್ರ ಏನೆಂದರೆ, ಕುಮಟಾ ಬಿಟ್ಟು ದೇವಿಮನೆ ಘಟ್ಟ ಹತ್ತುವಾಗ ಎಂಜಿನ್ ಇನ್ನೂ ಜೋರಾಗಿ ಕೂಗುತ್ತಿತ್ತು. ಆದರೆ ಆ ಗುಂಯ್ ಇರಲಿಲ್ಲ. ಆಯಿ ನಿದ್ದೆ ಹೋಗಿದ್ದರು.

ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತು ಇಲ್ಲೇ ಇದೆ. ಗುಂಯ್ ಅಂದರೆ ಸದ್ದು ಜಾಸ್ತಿ ಆಗಿದೆ ಅಂತಲ್ಲ, ಒಂದು ಸ್ವರ ಸಿಕ್ಕಿಹಾಕಿಕೊಂಡಿದೆ ಅಂತ. ಆ ಸ್ವರ ಯಾವುದೆಂದು ತಿಳಿಯದೆ ಸೈಲೆನ್ಸರ್ ಡಬ್ಬಿ ಮೇಲೆ ಡಬ್ಬಿ ಬದಲಿಸಿದರೆ ಸುಮ್ನೆ ದುಡ್ಡು ದಂಡ. ನಾನು ಹಾಗೆ ಒಮ್ಮೆ ದಂಡ ತೆತ್ತವನೇ.

ಮೊದಲು ಕಳ್ಳ ಯಾರೆಂದು ನೋಡಿ

ಗುಂಯ್ ಎನ್ನುವ ಎಲ್ಲ ಸದ್ದೂ ಸೈಲೆನ್ಸರಿನದಲ್ಲ. ಸವೆದ ಟೈರು, ಹೋದ ವೀಲ್ ಬೇರಿಂಗ್, ಛಾವಣಿಯ ಕ್ಯಾರಿಯರ್ ಕೂಡ ಹೀಗೇ ಹಾಡುತ್ತವೆ. ಪರೀಕ್ಷೆ ಸುಲಭ. ಗುಂಯ್ ಬರುವ ವೇಗದಲ್ಲಿ ಹೋಗುತ್ತಿರುವಾಗಲೇ ಐದರಿಂದ ನಾಲ್ಕನೇ ಗೇರಿಗೆ ಇಳಿಸಿ, ವೇಗ ಹಾಗೇ ಇರಲಿ. ಸದ್ದು ಬದಲಾಯಿತು ಎಂದರೆ ಅದು ಎಂಜಿನ್ ಅಥವಾ ಸೈಲೆನ್ಸರ್ ಕಡೆಯದು. ಬದಲಾಗದೆ ಚಕ್ರದ ವೇಗಕ್ಕೇ ಅಂಟಿಕೊಂಡಿದ್ದರೆ ಟೈರು, ಬೇರಿಂಗ್ ನೋಡಿಸಿ. ಮುಂದೆ ಓದುವ ಕಷ್ಟ ನಿಮಗಿಲ್ಲ.

ಎಂಜಿನ್ ಕಡೆಯದೇ ಆದರೂ ಕೂಡಲೇ ಅಂಗಡಿಗೆ ಓಡಬೇಡಿ. ಕಾರು ಪೂರ್ತಿ ತಣ್ಣಗಾದ ಮೇಲೆ ಗ್ಯಾರೇಜಿನ ಪಿಟ್‌ಗೆ ಇಳಿದು, ಸೈಲೆನ್ಸರನ್ನು ಕೈಯಿಂದ ಹಿಡಿದು ಅಲ್ಲಾಡಿಸಿ. ಅದನ್ನು ನೇತುಹಾಕಿರುವ ರಬ್ಬರುಗಳು ಬಿರಿದಿವೆಯೇ? ಪೈಪು ಎಲ್ಲಾದರೂ ಕಾರಿನ ತಳಕ್ಕೆ ತಾಗುತ್ತದೆಯೇ? ತಾಗಿದ ಜಾಗದಲ್ಲಿ ಉಜ್ಜಿ ಹೊಳೆಯುವ ಗುರುತು ಇರುತ್ತದೆ. ಶಾಖ ತಡೆಯುವ ತಗಡು ಸಡಿಲವಾಗಿರಬಹುದು. ಎಂಜಿನ್ ಕೂರಿಸಿದ ರಬ್ಬರು, ಅಂದರೆ ಮೌಂಟಿಂಗ್, ಕೂತುಹೋಗಿರಬಹುದು. ನಮ್ಮ ಕಡೆ ಮಳೆಗಾಲದ ಹೊಂಡಗಳನ್ನು ದಾಟಿ ಬಂದ ಕಾರಿಗೆ ಇದರಲ್ಲಿ ಒಂದಾದರೂ ಇದ್ದೇ ಇರುತ್ತದೆ. ಒಂದು ರಬ್ಬರಿನಲ್ಲಿ ಮುಗಿಯುವ ಕೆಲಸಕ್ಕೆ ಹೊಸ ಸೈಲೆನ್ಸರ್ ಯಾಕೆ ಬೇಕು, ಅಲ್ವಾ?

ಸೋರಿಕೆಯನ್ನೂ ಈಗಲೇ ನೋಡಿಬಿಡಿ. ತಣ್ಣಗಿನ ಎಂಜಿನ್ ಚಾಲೂ ಮಾಡಿ, ಜಾಯಿಂಟುಗಳ ಮೇಲೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದ ಕಡೆ ಹೊಗೆ ಸೋರುತ್ತಿದೆ. ಇದು ಬರೀ ಸದ್ದಿನ ಪ್ರಶ್ನೆ ಅಲ್ಲ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಗಾಜು ಏರಿಸಿ ಎಸಿ ಹಾಕಿದ ಕಾರಿನೊಳಗೆ ಅದು ಸೇರಿದರೆ ಜೀವಕ್ಕೇ ಅಪಾಯ.

ಸ್ವರ ಹಿಡಿಯುವ ಲೆಕ್ಕ

ಇನ್ನು ನಿಜವಾದ ಕೆಲಸ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ. ಗುಂಯ್ ಜೋರಾಗುವ ಹೊತ್ತಿಗೆ ಆರ್‌ಪಿಎಂ ಮುಳ್ಳು (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಹಾಕುತ್ತದೆ ಎಂದು ತೋರಿಸುವುದು) ಎಲ್ಲಿದೆ ಎಂದು ಅವರು ಬರೆದುಕೊಳ್ಳಲಿ. ನೀವು ರಸ್ತೆ ನೋಡಿ. ಕಾರವಾರದವರಿಗೆ ಬಿಣಗಾ ಕಡೆಯ ಸುರಂಗವೂ ಇದೆ. ಅಲ್ಲಿ ಗಾಜು ಇಳಿಸಿದರೆ ನಿಮ್ಮ ಕಾರಿನ ಸದ್ದು ಗೋಡೆಗೆ ಬಡಿದು ನಿಮಗೇ ವಾಪಸು ಬರುತ್ತದೆ. ಹೊರಗಿನ ಸದ್ದು ಹೇಗಿದೆ, ಒಳಗಿನದು ಹೇಗಿದೆ ಎಂಬ ವ್ಯತ್ಯಾಸ ಒಂದೇ ಸಲಕ್ಕೆ ಗೊತ್ತಾಗುತ್ತದೆ.

ಬರೆದುಕೊಂಡ ಆರ್‌ಪಿಎಂ ಅನ್ನು ನಾಲ್ಕು ಸಿಲಿಂಡರಿನ ಕಾರಾದರೆ 30ರಿಂದ, ಮೂರು ಸಿಲಿಂಡರಾದರೆ 40ರಿಂದ ಭಾಗಿಸಿ. ಸೆಕೆಂಡಿಗೆ ಎಷ್ಟು ಸಲ ಎಂಜಿನ್ ‘ಢಬ್’ ಎನ್ನುತ್ತದೆ ಎಂಬುದು ಸಿಗುತ್ತದೆ. ಅದೇ ಹರ್ಟ್ಜ್ ಲೆಕ್ಕ. ನನ್ನದು ನಾಲ್ಕು ಸಿಲಿಂಡರ್, ಗುಂಯ್ ಬಂದಿದ್ದು 2700ರಲ್ಲಿ. ಅಂದರೆ 90 ಹರ್ಟ್ಜ್.

ಈ 90ಕ್ಕೆ ಒಂದು ಕತೆ ಇದೆ. ಸಣ್ಣ ಕಾರಿನ ಒಳಗೆ ಮುಂದಿನ ಗಾಜಿನಿಂದ ಹಿಂದಿನ ಗಾಜಿನವರೆಗೆ ಸುಮಾರು ಎರಡು ಮೀಟರ್. ಅಷ್ಟು ಉದ್ದದ ಪೆಟ್ಟಿಗೆಯೊಳಗಿನ ಗಾಳಿ ತಾನಾಗಿ ತೂಗಾಡುವ ಸ್ವರ ಸುಮಾರು 85 ಹರ್ಟ್ಜ್. ಖಾಲಿ ಕೊಡಪಾನದೊಳಗೆ ಬಾಯಿಟ್ಟು ರಾಗ ಎಳೆದು ನೋಡಿ. ಯಾವುದೋ ಒಂದು ಸ್ವರಕ್ಕೆ ಕೊಡವೇ ಹಾಡತೊಡಗುತ್ತದೆ. ಇಲ್ಲೂ ಅದೇ ಕತೆ. ಎಂಜಿನ್ನಿನ ಸ್ವರವೂ ಕಾರಿನ ಹೊಟ್ಟೆಯ ಸ್ವರವೂ ಹತ್ತಿರ ಬಂದಾಗ ಗುಂಯ್. ಘಟ್ಟದಲ್ಲಿ ಆರ್‌ಪಿಎಂ ಏರಿಳಿಯುತ್ತಲೇ ಇರುತ್ತದೆ, ಒಂದು ಸ್ವರದ ಮೇಲೆ ನಿಲ್ಲುವುದಿಲ್ಲ. ಆಯಿಗೆ ನಿದ್ದೆ ಬಂದಿದ್ದು ಅದಕ್ಕೇ.

ಯಾವ ಸೈಲೆನ್ಸರ್?

ಅಂಗಡಿಯಲ್ಲಿ ಸಿಗುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ನೇರ ಕೊಳವೆಯದು. ಒಂದು ತುದಿಯಿಂದ ಇಣುಕಿದರೆ ಇನ್ನೊಂದು ತುದಿ ಕಾಣುತ್ತದೆ. ಕೊಳವೆಯ ಮೈತುಂಬ ತೂತು, ಸುತ್ತ ಗಾಜಿನ ಉಣ್ಣೆ. ಎರಡನೆಯದು ಕೋಣೆಗಳದ್ದು. ಒಳಗೆ ತಗಡಿನ ಗೋಡೆಗಳು. ಸದ್ದು ಅವಕ್ಕೆ ಬಡಿದು, ತಿರುಗಿ, ತನ್ನನ್ನು ತಾನೇ ಕೊಂದುಕೊಳ್ಳುತ್ತದೆ.

ಗಾಜಿನ ಉಣ್ಣೆ ಕೀರಲು ಸದ್ದನ್ನು ಚೆನ್ನಾಗಿ ನುಂಗುತ್ತದೆ. ತಗ್ಗು ಸ್ವರದ ಮುಂದೆ ಅದರ ಆಟ ಕಡಿಮೆ. ಗಣಪತಿ ಮೆರವಣಿಗೆಯ ಡಿಜೆ ದೂರದ ಬೀದಿಯಲ್ಲಿದ್ದರೆ ಮನೆಯೊಳಗೆ ಹಾಡು ಕೇಳುವುದಿಲ್ಲ, ಢಬ್ ಢಬ್ ಮಾತ್ರ ಬರುತ್ತದಲ್ಲ, ಹಾಗೆ. ‘ಸ್ಪೋರ್ಟ್ಸ್’ ಎಂದು ಮಾರುವ ಡಬ್ಬಿಗಳಲ್ಲಿ ಹೆಚ್ಚಿನವು ಈ ನೇರ ಕೊಳವೆಯವು, ಅದರಲ್ಲೂ ಗಿಡ್ಡನೆಯವು. ನಾನು ಮೊದಲು ಮೋಸಹೋಗಿದ್ದು ಅಲ್ಲೇ. ಅಂಗಡಿಯವರು ಸ್ಟಾರ್ಟ್ ಮಾಡಿ ತೋರಿಸಿದರು, ಗಡಸು ಸದ್ದು ಕೇಳಿ ನಾನು ತಲೆದೂಗಿದೆ. ನಿಂತ ಕಾರಿನಲ್ಲಿ ಗುಂಯ್ ಹೇಗೆ ಗೊತ್ತಾಗಬೇಕು?

ಹಾಗಾಗಿ ಡಬ್ಬಿ ಕೊಳ್ಳುವಾಗ ನೋಡಬೇಕಾದದ್ದು ಗಾತ್ರ. ಕಾರಿನಡಿ ಜಾಗ ಇರುವಷ್ಟು ಉದ್ದದ, ದಪ್ಪದ ಡಬ್ಬಿ ಆರಿಸಿ. ತಗ್ಗು ಸ್ವರಕ್ಕೆ ಜಾಗ ಬೇಕು. ದಿನನಿತ್ಯದ ಕಾರಿಗೆ ಕೋಣೆಯದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಪೈಪು ಕಂಪನಿಯದಕ್ಕಿಂತ ಅಗಲ ಬೇಡ, ಅಗಲ ಮಾಡಿದಷ್ಟೂ ಮೊರೆತ ಜಾಸ್ತಿ. ಜೋತುಬಿದ್ದ ಡಬ್ಬಿಯೂ ಬೇಡ, ನಮ್ಮ ಊರುಗಳ ಹಂಪುಗಳು ಅದನ್ನು ಕಿತ್ತುಕೊಳ್ಳುತ್ತವೆ.

ಕರಾವಳಿಯವರು ಲೋಹದ ವಿಷಯದಲ್ಲಿ ಜಿಪುಣತನ ಮಾಡಬಾರದು. ಹೊರಗಿಂದ ಉಪ್ಪುಗಾಳಿ, ಒಳಗಿಂದ ಹೊಗೆಯ ನೀರು, ಸಾದಾ ಕಬ್ಬಿಣದ ಡಬ್ಬಿ ಎರಡು ಕಡೆಯಿಂದ ಸಾಯುತ್ತದೆ. ಮನೆಯಿಂದ ಪೇಟೆಗೆ ಮಾತ್ರ ಓಡುವ ಕಾರಿನಲ್ಲಿ ಇದು ಬೇಗ, ಯಾಕೆಂದರೆ ಒಳಗಿನ ನೀರು ಆರುವಷ್ಟು ಸೈಲೆನ್ಸರ್ ಕಾಯುವುದೇ ಇಲ್ಲ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ 409 ಎಂಬ ದರ್ಜೆ ಅಗ್ಗ, 304 ದುಬಾರಿ ಆದರೆ ಉಪ್ಪಿಗೆ ಬೇಗ ಜಗ್ಗುವುದಿಲ್ಲ. ಅಂಗಡಿಗೆ ಹೋಗುವಾಗ ಒಂದು ಆಯಸ್ಕಾಂತ ಜೇಬಿನಲ್ಲಿರಲಿ. 409ಕ್ಕೆ ಗಟ್ಟಿಯಾಗಿ ಅಂಟುತ್ತದೆ, 304ಕ್ಕೆ ಅಂಟುವುದಿಲ್ಲ, ಹೆಚ್ಚೆಂದರೆ ಬೆಸುಗೆಯ ಹತ್ತಿರ, ಬಗ್ಗಿಸಿದ ಕಡೆ ತುಸು ಎಳೆಯಬಹುದು.

ಕೊಂಬೆ ಪೈಪು

ಒಳ್ಳೆಯ ಡಬ್ಬಿ ಹಾಕಿದ ಮೇಲೂ ಸ್ವಲ್ಪ ಗುಂಯ್ ಉಳಿದರೆ? ಆಗ ನನಗೆ ಬಹಳ ಇಷ್ಟವಾದ ಉಪಾಯ ಇದು. ಸೈಲೆನ್ಸರ್ ಪೈಪಿನ ಪಕ್ಕಕ್ಕೆ ಅದೇ ಅಗಲದ ಇನ್ನೊಂದು ಪೈಪನ್ನು ಕೊಂಬೆಯ ಹಾಗೆ ಬೆಸೆದು, ಅದರ ತುದಿ ಮುಚ್ಚಿಬಿಡುವುದು. ಹೊಗೆ ಅಲ್ಲಿಂದ ಎಲ್ಲೂ ಹೋಗುವುದಿಲ್ಲ. ಸದ್ದು ಮಾತ್ರ ಒಳಗೆ ಹೋಗಿ, ಮುಚ್ಚಿದ ತುದಿಗೆ ಬಡಿದು, ತಡವಾಗಿ ವಾಪಸು ಬರುತ್ತದೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ನಿಂತವರು ನೋಡಿರುತ್ತೀರಿ. ದಡದಿಂದ ಹಿಂದಿರುಗುವ ನೀರು, ಬರುವ ಅಲೆಗೆ ಎದುರಾದಾಗ ಕೆಲವೊಮ್ಮೆ ಎರಡೂ ಚಪ್ಪಟೆಯಾಗುತ್ತವೆ. ಪೈಪಿನ ಉದ್ದ ಸರಿಯಾಗಿದ್ದರೆ ಗುಂಯ್‌ಗೂ ಅದೇ ಗತಿ.

ಉದ್ದದ ಲೆಕ್ಕ: 108ನ್ನು ನಿಮ್ಮ ಹರ್ಟ್ಜ್‌ನಿಂದ ಭಾಗಿಸಿ, ಮೀಟರಿನಲ್ಲಿ ಉತ್ತರ ಬರುತ್ತದೆ. ನನ್ನ 90ಕ್ಕೆ 1.2 ಮೀಟರ್. ಬಿಸಿ ಹೊಗೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 430 ಮೀಟರ್ ಓಡುತ್ತದೆ, ಅದರ ಕಾಲು ಭಾಗ 108. ಆದರೆ ಮುಚ್ಚಿದ ಕೊಂಬೆಯೊಳಗಿನ ಹೊಗೆ ಅಷ್ಟು ಬಿಸಿ ಇರುವುದಿಲ್ಲ, ಅಲ್ಲಿ ಸದ್ದು ನಿಧಾನ. ಹಾಗಾಗಿ ಸರಿಯಾದ ಉದ್ದ ಲೆಕ್ಕಕ್ಕಿಂತ ಕಡಿಮೆಯೇ ಇರುತ್ತದೆ. ಮೊದಲು ಲೆಕ್ಕದಷ್ಟು ಉದ್ದ ಬೆಸೆಯಿಸಿ. ತುದಿಯ ಮುಚ್ಚಳ ಬೆಸೆಯದೆ ಕ್ಲಾಂಪಿನಲ್ಲಿ ಕೂರಿಸಿ. ಓಡಿಸಿ ನೋಡಿ, ಎರಡೆರಡು ಸೆಂಟಿಮೀಟರ್ ಕತ್ತರಿಸುತ್ತ ಬನ್ನಿ. ನನ್ನದು 1.1 ಮೀಟರಿನ ಹತ್ತಿರ ಸರಿಹೋಯಿತು. ಅಷ್ಟುದ್ದ ಜಾಗ ಇಲ್ಲದಿದ್ದರೆ ಪೈಪನ್ನು ಬಗ್ಗಿಸಬಹುದು, ತೊಂದರೆ ಇಲ್ಲ. ಮುಚ್ಚಿದ ತುದಿ ತುಸು ಮೇಲಕ್ಕೆ ಇರಲಿ, ನೀರು ನಿಲ್ಲಬಾರದು.

ವೆಲ್ಡಿಂಗ್ ಅಂಗಡಿಯವರು “ಇದೆಂಥದು ಮಾರಾಯ್ರೆ, ಮುಚ್ಚಿದ ಪೈಪು?” ಎಂದು ನಕ್ಕರು. ನಗಲಿ ಬಿಡಿ.

ಕೂರಿಸುವಾಗ

ಜಾಕ್ ಒಂದನ್ನೇ ನಂಬಿ ಕಾರಿನಡಿ ನುಗ್ಗಬೇಡಿ, ಸ್ಟ್ಯಾಂಡ್ ಇಡಿ ಅಥವಾ ಪಿಟ್ ಇರುವ ಗ್ಯಾರೇಜಿಗೆ ಹೋಗಿ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಕಾರಿನ ಮೇಲೆಯೇ ಬೆಸುಗೆ ಹಾಕುವುದಾದರೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿಸಿ, ಇಲ್ಲದಿದ್ದರೆ ಎಂಜಿನ್ನಿನ ಕಂಪ್ಯೂಟರ್ ಸುಟ್ಟೀತು. ರಬ್ಬರುಗಳು ಎಲ್ಲವೂ ಹೊಸವಿರಲಿ. ಡಬ್ಬಿಯ ಸುತ್ತ ಎಲ್ಲ ಕಡೆ ಎರಡು ಬೆರಳಿನಷ್ಟು ಜಾಗ ಬೇಕು. ಬಿಸಿಗೆ ಪೈಪು ಉದ್ದವಾಗುತ್ತದೆ, ಆಮೇಲೆ ತಾಗುತ್ತದೆ.

ಕೆಲಸವೆಲ್ಲ ಹಿಂದಿನ ಡಬ್ಬಿಯ ಸುತ್ತ ಮಾತ್ರ. ಮುಂದಿರುವ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್, ಡೀಸೆಲ್ ಕಾರಿನ ಮಸಿ ಸೋಸುವ ಫಿಲ್ಟರ್ ಇವುಗಳ ತಂಟೆಗೆ ಹೋಗಲೇಬೇಡಿ. 2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆಯ ಮಿತಿಯ ಹೊಸ ನಿಯಮ) ಕಾರಾದರೆ ಮೀಟರಿನ ಮೇಲೆ ದೀಪ ಹತ್ತುತ್ತದೆ, ವಾರಂಟಿಯೂ ಕೈಬಿಡಬಹುದು. ಹೊರಗಿನ ಸದ್ದು ಕಂಪನಿಯದಕ್ಕಿಂತ ಜಾಸ್ತಿ ಆಗಬಾರದು. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ, 2019ರ ತಿದ್ದುಪಡಿಯ ನಂತರ ಸದ್ದಿನ ನಿಯಮ ಮೀರಿದವರಿಗೆ ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸೂ ಇಲ್ಲ.

ಡಿಕ್ಕಿಗೆ ಬ್ಯುಟೈಲ್ ಎಂಬ ಅಂಟುರಬ್ಬರಿನ ಹಾಳೆ ಅಂಟಿಸಿದರೆ ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ತಗಡು ನಡುಗುವ ಸದ್ದು ಅದರಿಂದ ಕಡಿಮೆ ಆಗುತ್ತದೆ. ಗುಂಯ್‌ಗೆ ಹೆಚ್ಚು ಉಪಯೋಗವಿಲ್ಲ. ಕೊನೆಗೆ ಬೇಕಿದ್ದರೆ ಮಾಡಿ.

ಹೊಸದಾಗಿ ಕೂರಿಸಿದ ಮೇಲೆ ನೂರು ಕಿಲೋಮೀಟರ್ ಓಡಿಸಿ, ತಣ್ಣಗಾದ ಮೇಲೆ ಕ್ಲಾಂಪುಗಳಿಗೆ ಮತ್ತೊಮ್ಮೆ ಪಾನಾ ಹಾಕಿ, ಸೋಪಿನ ನೀರಿನ ಪರೀಕ್ಷೆಯನ್ನೂ ಮತ್ತೆ ಮಾಡಿ. ನಾನು ಶಿರಸಿಗೆ ಹೋಗಿ ಬಂದು ನೋಡಿದಾಗ ಹಿಂದಿನ ಕ್ಲಾಂಪು ಅರ್ಧ ಸುತ್ತು ತಿರುಗಿತು. ಆ ಸಲ ಆಯಿ ಅಂಕೋಲಾ ಬರುವ ಮೊದಲೇ ನಿದ್ದೆ ಹೋಗಿದ್ದರು.