ಸ್ಪ್ಯಾನಿಷ್ ಸ್ವರಪ್ರಾಸ ಕಟ್ಟುವ ಬಗೆ

ಹಳಗನ್ನಡ ಪದ್ಯ ಓದಿದವರ ಕಿವಿ ವ್ಯಂಜನಕ್ಕೆ ಪಳಗಿರುತ್ತದೆ. ಆದಿಪ್ರಾಸದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು, ಗುಣಿತ ಯಾವುದಾದರೂ ಸರಿ. ಸ್ಪ್ಯಾನಿಷ್‌ನ 'ರೀಮ ಅಸೊನಾಂತೆ' ಇದಕ್ಕೆ ತದ್ವಿರುದ್ಧ: ಸಾಲಿನ ಕೊನೆಯಲ್ಲಿ ಸ್ವರ ಕೂಡಬೇಕು, ವ್ಯಂಜನ ಕೂಡಬಾರದು.

ಮೊದಲು ಒತ್ತು, ಅಂದರೆ ಪದದಲ್ಲಿ ದನಿ ಬಲವಾಗಿ ಬೀಳುವ ಅಕ್ಷರ, ಹುಡುಕಿ. ಪದ ಸ್ವರದಲ್ಲೋ ನ್, ಸ್‌ನಲ್ಲೋ ಮುಗಿದರೆ ಒತ್ತು ಕೊನೆಯಿಂದ ಎರಡನೇ ಅಕ್ಷರಕ್ಕೆ. ಬೇರೆ ವ್ಯಂಜನವಾದರೆ ಕೊನೆಯದಕ್ಕೆ. ಇದಕ್ಕೆ ಹೊರತಾದ ಪದಗಳಲ್ಲಿ ಸ್ವರದ ನೆತ್ತಿಗೆ ಓರೆಗೆರೆ ಇರುತ್ತದೆ. ಆ ಭಾಷೆಗಿರುವುದು ಐದೇ ಸ್ವರ, ಹ್ರಸ್ವ-ದೀರ್ಘದ ಭೇದವಿಲ್ಲ. ಹಾಗಾಗಿ ಕನ್ನಡದ ದೀರ್ಘವನ್ನೇ ಒತ್ತಿನ ಗುರುತಾಗಿ ಬಳಸಿ. ಕೆಳಗಿನ ಉದಾಹರಣೆಗಳಲ್ಲೂ ಹಾಗೇ ಇದೆ.

ಹಾಸನದವರು ಬೆಳೆಯುವ ಆಲೂಗಡ್ಡೆ ಲ್ಯಾಟಿನ್ ಅಮೆರಿಕದಲ್ಲಿ 'ಪಾಪ', ಅಪ್ಪ 'ಪಪಾ'. ಎಡವುವುದು ಇಲ್ಲೇ. 'ಪಾಪ'ದಲ್ಲಿ ಒತ್ತಿನಿಂದ ಕೊನೆವರೆಗೆ ಅ-ಅ, 'ಕಾಸ' (ಮನೆ) ಜತೆ ಕೂಡುತ್ತದೆ. 'ಪಪಾ'ದಲ್ಲಿ ಲೆಕ್ಕಕ್ಕೆ ಸಿಗುವುದು ಕೊನೆಯ ಅ ಒಂದೇ, ಕೂಡುವುದಿಲ್ಲ.

ಒತ್ತಿನ ಸ್ವರದಿಂದಾಚೆಗಿನ ವ್ಯಂಜನಗಳನ್ನೆಲ್ಲ ಅಳಿಸಿ. ಬೇರೆ ಸ್ವರಕ್ಕೆ ಅಂಟಿಕೊಂಡ, ಒತ್ತಿಲ್ಲದ ಇ, ಉಗಳನ್ನೂ ಬಿಡಿ: 'ಯೂಬ್ಯ' (ಮಳೆ) ಉ-ಅ, 'ತಂಬ್ಯೇನ್' (ಕೂಡ) ಬರೀ ಎ. ಈ ಎ ಗುಂಪಿಗೇ 'ಕಫೇ' (ಕಾಫಿ), 'ಪರೇದ್' (ಗೋಡೆ) ಸೇರುತ್ತವೆ. 'ಮೂಸಿಕ'ದಂತೆ (ಸಂಗೀತ) ಕೊನೆಯಿಂದ ಮೂರನೆಯದಕ್ಕೆ ಒತ್ತಿದ್ದರೆ ನಡುವಿನ ಸ್ವರ ಲೆಕ್ಕಕ್ಕಿಲ್ಲ.

ಕಲಿಯಲು 'ರೊಮಾನ್ಸೆ' ಛಂದಸ್ಸೇ ವಾಸಿ. ಸಾಲಿಗೆ 8 ಅಕ್ಷರ; 2, 4, 6ನೇ ಸಾಲುಗಳಿಗೆ ಕೊನೆತನಕ ಒಂದೇ ಸ್ವರಜೋಡಿ. ಸಕಲೇಶಪುರದ ಸಂಜೆಗೆ ಉ-ಅ ಹಿಡಿದರೆ:

ಕಾಎ ಲ ನೋಚೆ ಎನ್ ಎಲ್ ಮೋಂತೆ
ಇ ವೇಲೆ ಅ ಕಫೇ ಲ ಯೂಬ್ಯ
ದ್ವೇರ್ಮೆ ಲ ಕಾಸ ಎನ್ ಸಿಲೇನ್ಸ್ಯೊ
ಇ ಸೊಬ್ರೆ ಎಲ್ ತೆಹಾದೊ, ಬ್ರೂಮ

(ಗುಡ್ಡದ ಮೇಲೆ ಇರುಳಿಳಿದಿದೆ, ಮಳೆ ಕಾಫಿ ಘಮಿಸುತ್ತಿದೆ, ಮನೆ ಸದ್ದಿಲ್ಲದೆ ಮಲಗಿದೆ, ಮಾಡಿನ ಮೇಲೆ ಮಂಜು.)

ಎಣಿಸಿ: ಕಾ, ಎ, ಲ, ನೋ, ಚೆಎನ್, ಎಲ್, ಮೋಂ, ತೆ. ಪದದ ಕೊನೆಯ ಸ್ವರ ಮುಂದಿನ ಪದದ ಸ್ವರಕ್ಕೆ ತಾಗಿದರೆ ಎರಡೂ ಸೇರಿ ಒಂದೇ ಅಕ್ಷರ. ಇದು ಲೋಪಸಂಧಿಯಲ್ಲ, ಎರಡೂ ಸ್ವರ ಕೇಳಿಸಬೇಕು. ಸಾಲು 'ಕಫೇ'ಯಂಥ ಪದದಲ್ಲಿ ಮುಗಿದರೆ ಒಂದು ಕೂಡಿಸಿ, 'ಮೂಸಿಕ'ದಂಥದ್ದರಲ್ಲಿ ಮುಗಿದರೆ ಒಂದು ಕಳೆಯಿರಿ.

ಸಾಮಾನ್ಯ ತಪ್ಪು: 'ಲೂನ'ಗೆ (ಚಂದ್ರ) 'ಕೂನ' (ತೊಟ್ಟಿಲು) ಹೊಂದಿಸುವುದು. ವ್ಯಂಜನವೂ ಕೂಡಿ ಅದು ಪೂರ್ಣಪ್ರಾಸವಾಗಿಬಿಡುತ್ತದೆ, ಮೆತ್ತಗಿನ ಸಾಲುಗಳ ನಡುವೆ ಜಾಗಟೆ ಬಾರಿಸಿದ ಹಾಗೆ. ಬೆಸ ಸಾಲಿನ ಕೊನೆಗೂ ಅರಿವಿಲ್ಲದೆ ಉ-ಅ ನುಸುಳುತ್ತದೆ. ಮೂರನೇ ಸಾಲು 'ಲೂನ'ದಲ್ಲಿ ಮುಗಿದಿದ್ದರೆ ಮೂರು ಸಾಲು ಒಟ್ಟಿಗೇ ಪ್ರಾಸವಾಗಿ, 'ಬ್ರೂಮ'ಕ್ಕೆ ಕಾಯುವ ಸುಖವೇ ಇರುತ್ತಿರಲಿಲ್ಲ.