ಬೆಟ್ಟದ ಕೆಳಗೊಂದು ಸದ್ದಿಲ್ಲದ ಊರು ಹುಡುಕುವುದು ಹೇಗೆ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ

ಬೆಂಗಳೂರು ಸಾಕು, ಬೆಟ್ಟ ಇರುವ ಯಾವುದಾದರೂ ಸಣ್ಣ ಊರಿಗೆ ಹೋಗಿ ಇದ್ದುಬಿಡೋಣ ಅನ್ನುವವರು ಈಗ ಜಾಸ್ತಿ. ಯಾವ ಊರು ಅಂತ ಕೇಳಿದರೆ ಮಡಿಕೇರಿ, ಚಿಕ್ಕಮಗಳೂರು, ಸಕಲೇಶಪುರ ಅನ್ನುತ್ತಾರೆ. ಒಳ್ಳೆಯ ಊರುಗಳೇ. ಆದರೆ ವಾರಕ್ಕೊಮ್ಮೆ ಆಫೀಸಿಗೆ ಹೋಗಬೇಕು, ಅಪ್ಪ-ಅಮ್ಮ ಕೋಲಾರದಲ್ಲೋ ಶಿರಾದಲ್ಲೋ ಇದ್ದಾರೆ, ನೆಂಟರು ಇಷ್ಟರು ಎಲ್ಲ ಈ ಕಡೆಯೇ ಅನ್ನುವವರು ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಮೂರು ಜಿಲ್ಲೆಗಳಲ್ಲಿ ನೀರಿಗೆ ಬರ ಇರಬಹುದು, ಬೆಟ್ಟಕ್ಕೆ ಬರ ಇಲ್ಲ. ನಂದಿ, ಸ್ಕಂದಗಿರಿ, ಗುಡಿಬಂಡೆ, ಕೈವಾರ, ಅಂತರಗಂಗೆ, ಆವಣಿ, ದೇವರಾಯನದುರ್ಗ, ಸಿದ್ದರಬೆಟ್ಟ, ಮಧುಗಿರಿ, ಪಾವಗಡ. ಒಂದೊಂದರ ಕೆಳಗೂ ಒಂದು ಊರಿದೆ, ಒಂದೊಂದು ಊರಿನ ಗುಣ ಬೇರೆ.

ಮೊದಲೇ ಹೇಳಿಬಿಡುತ್ತೇನೆ. ಬೆಟ್ಟದ ಅಂದ ನೋಡಿ ಊರು ಆರಿಸಬೇಡಿ. ಆ ಬೆಟ್ಟದಲ್ಲಿ ಯಾರಿಗೆ ಏನು ಕೆಲಸ ಇದೆ ಅಂತ ನೋಡಿ. ಕೆಲವು ಬೆಟ್ಟಕ್ಕೆ ಪ್ರವಾಸಿಗರು ಬರುತ್ತಾರೆ, ಕೆಲವಕ್ಕೆ ಭಕ್ತರು, ಕೆಲವಕ್ಕೆ ಕಲ್ಲು ಒಡೆಯುವ ಮಷೀನು. ಊರಿನ ಸದ್ದು ಎಷ್ಟು, ಧೂಳು ಎಷ್ಟು, ಸೈಟಿನ ರೇಟು ಎಷ್ಟು ಅನ್ನುವುದೆಲ್ಲ ಇದರ ಮೇಲೇ ನಿಂತಿದೆ.

ಪ್ರವಾಸಿಗರ ಬೆಟ್ಟ ಅಂದರೆ ನಂದಿ. 1478 ಮೀಟರ್ ಎತ್ತರ, ಬೆಂಗಳೂರಿನಿಂದ 60 ಕಿಲೋಮೀಟರ್ ಆಸುಪಾಸು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಈ ಕಡೆಯ ರಸ್ತೆ ಪೂರ್ತಿ ಬದಲಾಯಿತು. 2023ರಲ್ಲಿ ಆವಲಗುರ್ಕಿ ಹತ್ತಿರ ಆದಿಯೋಗಿ ಪ್ರತಿಮೆ ಬಂದ ಮೇಲೆ ವಾರಾಂತ್ಯದ ಜನ ಇನ್ನೂ ಹೆಚ್ಚಾದರು. ನಂದಿ ಗ್ರಾಮ, ಸುಲ್ತಾನಪೇಟೆ, ಕಳವಾರದ ಕಡೆ ಮನೆ ನೋಡುವವರು ಮಂಗಳವಾರ ಮಧ್ಯಾಹ್ನ ಹೋಗಿ 'ಆಹಾ ಎಷ್ಟು ಪ್ರಶಾಂತ' ಅಂದುಕೊಂಡು ಬಂದರೆ ಆಗಲಿಲ್ಲ. ಭಾನುವಾರ ಬೆಳಗ್ಗೆ ನಾಲ್ಕೂವರೆಗೆ ಹೋಗಿ ನೀವು ನೋಡಿದ ಮನೆ ಮುಂದೆ ನಿಂತುಕೊಳ್ಳಿ. ಸೂರ್ಯೋದಯ ನೋಡಲು ಹೊರಟ ಬೈಕು, ಕಾರು ಎಷ್ಟು ಹೋಗುತ್ತವೆ ನೋಡಿ. ಅದು ವರ್ಷವಿಡೀ ಇರುವ ಸದ್ದು, ಒಂದು ಸೀಸನ್ನಿನದಲ್ಲ. ಮುಖ್ಯ ರಸ್ತೆಯಿಂದ ಒಂದು ಕಿಲೋಮೀಟರ್ ಒಳಗಿದ್ದರೂ ಸಾಕು, ಅಲ್ಲಿನ ಬದುಕೇ ಬೇರೆ. ಹಾಗಾಗಿ ಈ ಕಡೆಯೇ ಬೇಕು ಅನ್ನುವವರು ಬೆಟ್ಟದ ರಸ್ತೆ ಬಿಟ್ಟು ಅಡ್ಡ ಹಳ್ಳಿಗಳನ್ನು ನೋಡಿ.

ಭಕ್ತರ ಬೆಟ್ಟದ ಲೆಕ್ಕ ಬೇರೆ. ಆವಣಿಯಲ್ಲಿ ಶಿವರಾತ್ರಿ ಜಾತ್ರೆ, ದೇವರಾಯನದುರ್ಗದಲ್ಲಿ ಫಾಲ್ಗುಣದ ತೇರು, ಸಿದ್ದರಬೆಟ್ಟಕ್ಕೆ ಹರಕೆ ಹೊತ್ತು ಬರುವವರು. ಜಾತ್ರೆಯ ಗದ್ದಲ ಕೆಲವೇ ದಿನ, ನಿಜ ಹೇಳಬೇಕೆಂದರೆ ಹೊಸದಾಗಿ ಬಂದವರು ಊರಿನ ಜನರನ್ನು ಪರಿಚಯ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿಲ್ಲ. ತೊಂದರೆ ಇರುವುದು ಕಲ್ಯಾಣ ಮಂಟಪದ ಪಕ್ಕದ ಮನೆಯಲ್ಲಿ. ಮದುವೆ ಸೀಸನ್ನಿನಲ್ಲಿ ವಾರಗಟ್ಟಲೆ ಡಿಜೆ ಕೇಳಬೇಕಾಗುತ್ತದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅಂತ ಕಾನೂನಿದೆ, ಆದರೆ ಹೊಸಬರಾಗಿ ಬಂದು ಮೊದಲ ತಿಂಗಳೇ ಪೊಲೀಸಿಗೆ ಫೋನ್ ಮಾಡುವ ಪರಿಸ್ಥಿತಿ ಯಾಕೆ ತಂದುಕೊಳ್ಳುತ್ತೀರಿ? ಮನೆ ನೋಡುವಾಗಲೇ ಛತ್ರ ಎಲ್ಲಿದೆ ಅಂತ ಕೇಳಿ.

ಇನ್ನು ಕಲ್ಲಿನ ಬೆಟ್ಟ. ಇದನ್ನು ಬೇರೆ ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳಿ. ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಹತ್ತಿರ 2021ರ ಫೆಬ್ರವರಿಯಲ್ಲಿ ಕ್ವಾರಿಗೆ ತಂದಿದ್ದ ಜಿಲೆಟಿನ್ ಸಿಡಿದು 6 ಜನ ಸತ್ತರು. ಅಂಥ ದುರಂತ ಅಪರೂಪ, ಆದರೆ ದಿನನಿತ್ಯದ ಬ್ಲಾಸ್ಟಿಂಗ್, ಟಿಪ್ಪರ್, ಧೂಳು ಅಪರೂಪವಲ್ಲ. ಕ್ವಾರಿ ಕಣ್ಣಿಗೆ ಬೀಳಲೇಬೇಕು ಅಂತಿಲ್ಲ, ಬೆಟ್ಟದ ಹಿಂದುಗಡೆ ಇರಬಹುದು. ರಸ್ತೆ ಪಕ್ಕದ ಹೊಂಗೆ ಮರದ ಎಲೆ ಮುಟ್ಟಿ ನೋಡಿ. ಕೈಗೆ ಬೂದಿ ಬಣ್ಣದ ನುಣ್ಣನೆ ಪುಡಿ ಅಂಟಿದರೆ ಹತ್ತಿರದಲ್ಲೇ ಕ್ರಷರ್ ಇದೆ ಅಂತ ಅರ್ಥ, ಅದು ಮಣ್ಣಿನ ಧೂಳಲ್ಲ. ಮಣ್ಣಿನ ಧೂಳು ನಮ್ಮ ಕಡೆ ಕೆಂಪಗಿರುತ್ತದೆ. ಹಳೆಯ ಮನೆಗಳ ಗೋಡೆಯಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದ್ದರೆ ಯಾಕೆ ಅಂತ ಮನೆಯವರನ್ನೇ ಕೇಳಿ. ಫೋನಿನಲ್ಲಿ ಉಪಗ್ರಹ ನಕ್ಷೆ ತೆರೆದು ಊರಿನ ಸುತ್ತ ಐದಾರು ಕಿಲೋಮೀಟರ್ ಹುಡುಕಿ, ಬೆಟ್ಟದ ಮೈಯಲ್ಲಿ ಬೆಳ್ಳಗೆ ಕೆತ್ತಿದ ಹಾಗೆ ಕಂಡರೆ ಅದು ಕ್ವಾರಿ. ಈಗ ನಿಂತಿದೆಯಾ, ನಡೀತಿದೆಯಾ, ಹೊಸ ಗುತ್ತಿಗೆಗೆ ಅರ್ಜಿ ಬಿದ್ದಿದೆಯಾ ಅಂತ ಗ್ರಾಮ ಪಂಚಾಯಿತಿಯಲ್ಲಿ ಮತ್ತು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಸರ್ವೆ ನಂಬರ್ ಕೊಟ್ಟು ವಿಚಾರಿಸಿ.

ಅದಕ್ಕೇ ನನಗೆ ರಕ್ಷಣೆ ಇರುವ ಬೆಟ್ಟಗಳ ಮೇಲೆ ಜಾಸ್ತಿ ನಂಬಿಕೆ. ದೇವರಾಯನದುರ್ಗದ ಸುತ್ತ ಅರಣ್ಯ ಇಲಾಖೆಯ ಕಾಡು. ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆ, ಆವಣಿಯ ರಾಮಲಿಂಗೇಶ್ವರ ದೇವಸ್ಥಾನಗಳು ಪುರಾತತ್ವ ಇಲಾಖೆಯ ಕೈಯಲ್ಲಿವೆ. ಇಂಥ ಬೆಟ್ಟವನ್ನು ನಾಳೆ ಯಾರೋ ಬಂದು ಜಲ್ಲಿ ಮಾಡಿಬಿಡುವ ಭಯ ಕಡಿಮೆ. ಆದರೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ ಮತ್ತೆ 200 ಮೀಟರ್‌ವರೆಗೆ ಅನುಮತಿ ಬೇಕು. ಕೋಟೆ ಬಾಗಿಲ ಪಕ್ಕದಲ್ಲೇ ಸೈಟ್ ಕಡಿಮೆ ರೇಟಿಗೆ ಸಿಗ್ತಿದೆ ಅಂದರೆ ಕಾರಣ ಇದೇ ಇರಬಹುದು.

ಈಗ ನೀರು. ಪೆನ್ನಾರ್, ಪಾಲಾರ್, ಅರ್ಕಾವತಿ, ಚಿತ್ರಾವತಿ ಎಲ್ಲ ನಂದಿ ಬೆಟ್ಟಗಳ ಸಾಲಿನಲ್ಲೇ ಹುಟ್ಟುತ್ತವೆ, ಜಯಮಂಗಲಿ ಮತ್ತು ಶಿಂಷಾ ದೇವರಾಯನದುರ್ಗದಲ್ಲಿ. ಹುಟ್ಟುವುದು ಇಲ್ಲಿ, ವರ್ಷಪೂರ್ತಿ ಹರಿಯುವುದು ಮಾತ್ರ ಇಲ್ಲಿಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್ ಇಲ್ಲಿ ಸಾಮಾನ್ಯ. ಬೆಟ್ಟದ ಬುಡದಲ್ಲಿ ನೀರು ಚೆನ್ನಾಗಿರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಮ್ಮ ಬೆಟ್ಟಗಳು ಗಟ್ಟಿ ಬಂಡೆ, ಮೇಲಿನ ಮಣ್ಣು ತೆಳು, ಮಳೆ ನೀರು ಇಂಗುವ ಮೊದಲೇ ಜಾರಿ ಕೆರೆಗೆ ಹೋಗುತ್ತದೆ. ಹಾಗಾಗಿ ಬೆಟ್ಟಕ್ಕೆ ಅಂಟಿಕೊಂಡ ಜಾಗಕ್ಕಿಂತ ಕೆರೆಯ ಕೆಳಗಿನ ಕಡೆ ಬೋರ್‌ನಲ್ಲಿ ನೀರು ಸಿಗುವ ಸಾಧ್ಯತೆ ಹೆಚ್ಚು. ಕೆರೆ ಕೋಡಿ ಬಿದ್ದರೆ ನೀರು ಯಾವ ದಾರಿ ಹಿಡಿಯುತ್ತದೆ ಅಂತ ಮಾತ್ರ ಮೊದಲೇ ತಿಳಿದುಕೊಳ್ಳಿ.

ಊರು ನೋಡಲು ಏಪ್ರಿಲ್-ಮೇನಲ್ಲಿ ಹೋಗಿ. ಅಕ್ಟೋಬರ್‌ನಲ್ಲಿ ಎಲ್ಲ ಊರೂ ಚೆನ್ನಾಗಿ ಕಾಣುತ್ತವೆ. ಟೀ ಅಂಗಡಿಯಲ್ಲಿ ಕೂತು, 'ಅಣ್ಣಾ, ಇಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ?' ಅಂತ ಕೇಳಿ. 'ಬಿಡ್ತಾರೆ ಬಿಡಿ' ಅಂತ ಉತ್ತರ ಬಂದರೆ ಅಲ್ಲಿಗೇ ನಿಲ್ಲಿಸಬೇಡಿ, ಪಕ್ಕದ ಮನೆ ಅಕ್ಕನನ್ನು ಕೇಳಿ. ನೀರು ಹಿಡಿಯುವವರಿಗೆ ವಾರ, ಗಂಟೆ, ಯಾವ ಬೀದಿಗೆ ಮೊದಲು ಅನ್ನುವುದೂ ಗೊತ್ತಿರುತ್ತದೆ. ಅವರ ಮನೆ ಸ್ಟೀಲ್ ಬಿಂದಿಗೆಯ ಒಳಗೆ, ನಲ್ಲಿಯ ಮೂತಿಯಲ್ಲಿ ಬಿಳಿ ಪೊರೆ ಕಟ್ಟಿದ್ದರೆ ನೀರು ಗಡುಸು. ಇನ್ನೂ ಮುಖ್ಯವಾದದ್ದು ಫ್ಲೋರೈಡ್. ಪಾವಗಡ, ಬಾಗೇಪಲ್ಲಿ, ಗುಡಿಬಂಡೆ ಕಡೆಯ ಆಳದ ಬೋರ್ ನೀರಿನಲ್ಲಿ ಇದು ಹಳೆಯ ಸಮಸ್ಯೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಿದರೆ ಕುಡಿಯಬಾರದು. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಅದು ಇನ್ನಷ್ಟು ದಟ್ಟವಾಗುತ್ತದೆ. ಕುಡಿಯಲು ಆರ್‌ಒ ನೀರೇ ಗತಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ನಡೀತಿದೆಯಾ ಅಥವಾ ಬೀಗ ಹಾಕಿ ವರ್ಷವಾಯಿತಾ ಅಂತ ನೀವೇ ಹೋಗಿ ನೋಡಿ.

ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿಯ ನೀರು ಬರುತ್ತಿದೆ, ಚಿಕ್ಕಬಳ್ಳಾಪುರಕ್ಕೆ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿಯದ್ದು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಕಳಿಸುವುದು ಇದು. ಅಂತರ್ಜಲ ಏರಿ ರೈತರಿಗೆ ಅನುಕೂಲವಾಗಿದೆ, ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನುವ ಹೋರಾಟವೂ ನಡೆದಿದೆ. ಅಂಥ ಕೆರೆಯ ಹತ್ತಿರ ಮನೆ ಮಾಡುವವರು ಬೋರ್ ನೀರನ್ನು ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ಪಶ್ಚಿಮ ಘಟ್ಟದಿಂದ ಈ ಕಡೆಗೆ ನೀರು ತರುವ ಎತ್ತಿನಹೊಳೆ ಯೋಜನೆಯ ನೀರು ಬರುತ್ತೆ ಅಂತ ಸೈಟ್ ಮಾರುವವರು ಹೇಳುತ್ತಾರೆ. ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಗಿದೆ, ಆದರೆ ನೀವು ಇವತ್ತು ನಲ್ಲಿಯಲ್ಲಿ ಬರುವ ನೀರನ್ನು ಲೆಕ್ಕ ಹಾಕಿ, ನಾಳೆ ಬರುವುದನ್ನಲ್ಲ.

ಬೆಟ್ಟದ ಯಾವ ದಿಕ್ಕಿಗೆ ಮನೆ ಅನ್ನುವುದನ್ನು ಯಾರೂ ಯೋಚಿಸುವುದಿಲ್ಲ. ಬೆಟ್ಟ ಮನೆಯ ಪಶ್ಚಿಮಕ್ಕೆ ಇದ್ದರೆ ಸಂಜೆ ಬೇಗ ನೆರಳು ಬೀಳುತ್ತದೆ, ಬೇಸಿಗೆಯಲ್ಲಿ ಅದು ದೊಡ್ಡ ಪುಣ್ಯ. ಪೂರ್ವಕ್ಕೆ ಇದ್ದರೆ ಬೆಳಗಿನ ಬಿಸಿಲು ತಡ, ಮಧ್ಯಾಹ್ನದ ಬಿಸಿಲು ಪೂರ್ತಿ ನಿಮ್ಮ ಗೋಡೆಗೆ. ಮಧುಗಿರಿಯಂಥ ಬೋಳು ಬಂಡೆ ಏಪ್ರಿಲ್‌ನಲ್ಲಿ ಹಗಲೆಲ್ಲ ಕಾದು ರಾತ್ರಿ ಬಿಸಿ ಬಿಡುತ್ತದೆ. ಬೆಟ್ಟ ಅಂದರೆ ತಂಪು ಅಂತ ಲೆಕ್ಕ ಹಾಕಿ ಬಂದವರಿಗೆ ಇದು ಕಷ್ಟ. ತಂಪೇ ಮುಖ್ಯ ಅಂದರೆ ಮರಗಿಡ ತುಂಬಿದ ದೇವರಾಯನದುರ್ಗದ ಕಡೆ ಹುಡುಕಿ. ಮಳೆ ನೀರು ಬೆಟ್ಟದಿಂದ ಇಳಿಯುವ ಹಳ್ಳದ ದಾರಿಯಲ್ಲಿ ಸೈಟ್ ತೆಗೆದುಕೊಳ್ಳಬೇಡಿ, ಬೇಸಿಗೆಯಲ್ಲಿ ಅದು ಬರೀ ಕಾಲುದಾರಿ ತರ ಕಾಣುತ್ತದೆ. 2021ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಮಳೆಗೆ ನಂದಿ ಬೆಟ್ಟದ ರಸ್ತೆಯೇ ಕುಸಿದು ಬೆಟ್ಟಕ್ಕೆ ದಾರಿ ಇಲ್ಲದಂತಾಗಿತ್ತು.

ಕಾಡು ಅಂದ ಮೇಲೆ ಪ್ರಾಣಿ ಇರಲೇಬೇಕಲ್ವಾ. ತುಮಕೂರು ಜಿಲ್ಲೆಯ ಬೆಟ್ಟಗಳಲ್ಲಿ ಚಿರತೆ, ಕರಡಿ ಎರಡೂ ಇವೆ. ನಾಯಿಯನ್ನು ರಾತ್ರಿ ಹೊರಗೆ ಕಟ್ಟಬೇಡಿ, ಬೆಳಗಿನ ಜಾವ ಒಬ್ಬರೇ ಬೆಟ್ಟದ ದಾರಿಯಲ್ಲಿ ವಾಕಿಂಗ್ ಬೇಡ. ದಿನಾ ಕಾಡುವುದು ಕೋತಿ. ಕಿಟಕಿಗೆ ಮೆಶ್, ನೀರಿನ ಟ್ಯಾಂಕಿಗೆ ಗಟ್ಟಿ ಮುಚ್ಚಳ ಮೊದಲ ದಿನವೇ ಹಾಕಿಸಿ. ಕೋಳಿ ಫಾರಂ ಹತ್ತಿರ ಇದೆಯಾ ಅಂತಲೂ ನೋಡಿ, ನೊಣ ಮತ್ತು ವಾಸನೆ ಮಳೆಗಾಲದಲ್ಲಿ ತಡೆಯಲಾಗುವುದಿಲ್ಲ.

ವಯಸ್ಸಾದವರು ಜೊತೆಗಿದ್ದರೆ ಆಸ್ಪತ್ರೆಯ ದೂರವನ್ನು ರಾತ್ರಿ ಹೊತ್ತು ಗಾಡಿ ಓಡಿಸಿಯೇ ಅಳೆಯಿರಿ. ಮಧುಗಿರಿಯಿಂದ ತುಮಕೂರು 40 ಕಿಲೋಮೀಟರ್ ಚಿಲ್ಲರೆ, ಪಾವಗಡದಿಂದ 100ರ ಹತ್ತಿರ. ಅಂತರಗಂಗೆ ಕೆಳಗೆ ಇದ್ದರೆ ಕೋಲಾರದ ಜಿಲ್ಲಾ ಆಸ್ಪತ್ರೆ ಹತ್ತಿರದಲ್ಲೇ. ಬೆಟ್ಟದ ಮರೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ ಮನೆಗಳಿವೆ, ಎರಡು ಕಂಪನಿಯ ಸಿಮ್ ಹಾಕಿ ಒಳಗಿನ ಕೋಣೆಯಲ್ಲಿ ನಿಂತು ಮಾತಾಡಿ ನೋಡಿ. ಮುಳಬಾಗಿಲು, ಚಿಂತಾಮಣಿ, ಬಾಗೇಪಲ್ಲಿ, ಪಾವಗಡದಲ್ಲಿ ತೆಲುಗು ಜಾಸ್ತಿ. ಕನ್ನಡದಲ್ಲೇ ನಡೆಯುತ್ತದೆ, ನಾಲ್ಕು ಮಾತು ತೆಲುಗು ಕಲಿತರೆ ಸಂತೆಯಲ್ಲಿ ನೀವು ಬೇಗ ಊರಿನವರಾಗುತ್ತೀರಿ.

ಯಾವ ಊರು ಅಂತ ನೇರವಾಗಿ ಕೇಳಿದರೆ ನನ್ನ ಆಯ್ಕೆ ಹೇಳುತ್ತೇನೆ. ಮನೆಯಿಂದಲೇ ಕೆಲಸ, ಮಕ್ಕಳ ಶಾಲೆಯ ಚಿಂತೆ ಇಲ್ಲ ಅನ್ನುವವರಿಗೆ ಗುಡಿಬಂಡೆ. ಹೆದ್ದಾರಿಯಿಂದ ಪೇರೇಸಂದ್ರದಲ್ಲಿ ತಿರುಗಿದರೆ ಸಿಗುವ ಪುಟ್ಟ ತಾಲ್ಲೂಕು ಕೇಂದ್ರ, ಮೇಲೆ ಪಾಳೇಗಾರರ ಕಾಲದ ಕೋಟೆ, ಕೆಳಗೆ ಅಮಾನಿ ಭೈರಸಾಗರ ಕೆರೆ. ಕೆರೆ ತುಂಬಿದಾಗ ವಿಡಿಯೋ ಮಾಡುವವರು ಬರುತ್ತಾರೆ, ಆದರೂ ಸಂಜೆ ಏಳಕ್ಕೆ ಊರು ಮಲಗಲು ಶುರು ಮಾಡುತ್ತದೆ. ಶಾಲೆ, ಕಾಲೇಜು, ತಾಲ್ಲೂಕು ಆಸ್ಪತ್ರೆ, ಬಸ್ಸು ಎಲ್ಲ ಬೇಕು ಅಂದರೆ ಮಧುಗಿರಿ, ಬಿಸಿಲು ತಡೆಯುವ ಶಕ್ತಿ ಇದ್ದರೆ. ನಿವೃತ್ತರಿಗೆ ಆವಣಿ ಕಡೆ ನನಗಿಷ್ಟ, ಮುಳಬಾಗಿಲು ಹತ್ತಿರವೇ ಇದೆ.

ಜಾಗ ಕೊಳ್ಳಲು ಆತುರ ಬೇಡ. ಬೆಟ್ಟದ ಸುತ್ತ ಗೋಮಾಳ, ಅರಣ್ಯ, ದರಖಾಸ್ತಿನಲ್ಲಿ (ಸರ್ಕಾರಕ್ಕೆ ಅರ್ಜಿ ಹಾಕಿ) ಮಂಜೂರಾದ ಜಮೀನು ಒಂದಕ್ಕೊಂದು ಸೇರಿಕೊಂಡಿರುತ್ತವೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಅದು ವಾಪಸ್ ಹೋಗುತ್ತದೆ, 2023ರ ತಿದ್ದುಪಡಿ ಆದ ಮೇಲೆ ಇಷ್ಟು ವರ್ಷವಾಯಿತು ಅನ್ನುವ ವಾದವನ್ನು ನಂಬಿ ಕೂರುವಂತಿಲ್ಲ. ಸರ್ಕಾರದ ಭೂ ನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ಜಾಗದ ಮೇಲೆ ನಿಂತು ಸರ್ವೆ ನಂಬರ್ ನೋಡಿ, ಹಳೆಯ ಪಹಣಿ, ಮ್ಯುಟೇಶನ್, ಇಸಿ (ಋಣಭಾರ ಪತ್ರ) ತೆಗೆಸಿ, ಪಂಚಾಯಿತಿ ಸೈಟ್ ಆದರೆ ಪಂಚಾಯಿತಿಯ ಆಸ್ತಿ ದಾಖಲೆ ಇ-ಸ್ವತ್ತಿನ 9 ಮತ್ತು 11ರ ನಮೂನೆ ಕೇಳಿ. ಅದೇ ತಾಲ್ಲೂಕಿನ ವಕೀಲರಿಗೆ ತೋರಿಸಿ, ಬೆಂಗಳೂರಿನವರಿಗಲ್ಲ. ಆ ಸರ್ವೆ ನಂಬರಿನ ಚರಿತ್ರೆ ಅವರಿಗೆ ಬಾಯಿಪಾಠ ಇರುತ್ತದೆ.

ಅದಕ್ಕೆ ಮೊದಲು ಬಾಡಿಗೆಗೆ ಇರಿ. ಮಾರ್ಚ್ ಕೊನೆಗೆ ಹೋಗಿ ಸೇರಿಕೊಳ್ಳುವುದು ಒಳ್ಳೆಯದು, ಬಿಸಿಲು ಮತ್ತು ನೀರಿನ ಪರೀಕ್ಷೆ ಮೊದಲ ಎರಡು ತಿಂಗಳಲ್ಲೇ ಮುಗಿಯುತ್ತದೆ. ಮಕ್ಕಳಿಗೂ ಆಗ ಬೇಸಿಗೆ ರಜೆ. ಮೇ ಕೊನೆಯ ವಾರದವರೆಗೆ ಹಳೆಯ ಶಾಲೆಯಿಂದ ಟಿಸಿ ತೆಗೆಸಬೇಡಿ, ಬೆಂಗಳೂರಿನ ಮನೆಯ ಅಡ್ವಾನ್ಸ್ ವಾಪಸ್ ಕೇಳಬೇಡಿ. ಅಷ್ಟು ಹೊತ್ತಿಗೆ ಮನೆಯಲ್ಲಿ ಎಲ್ಲರೂ ಇರೋಣ ಅಂದರೆ ಜೂನ್‌ನಲ್ಲಿ ಹೊಸ ಶಾಲೆಗೆ ಸೇರಿಸಿ.